ಎರಡರಿಂದ ನಾಲ್ಕರ ಪಾಳಿ

ನನ್ನ ಚಿಂತೆ ಬಹಳ ಸಣ್ಣದು. ಹೇಳಿದರೆ ನಗುತ್ತಾರೆ ಅಂತ ಡೈರಿಯಲ್ಲಿ ಮಾತ್ರ ಬರೆದೆ: ನನ್ನ ಮೈಕ್ ನನಗೆ ಗೊತ್ತಿಲ್ಲದೆ ಆನ್ ಆಗಿ, ನನ್ನ ದನಿ ಮೂವತ್ತೊಂದು ಮನೆಗಳಿಗೆ ಕೇಳಿಸಿಬಿಟ್ಟರೆ ಏನು ಗತಿ?

ಅದು ಮೊದಲ ವರ್ಷದ ಕೊರೊನಾ, ಜುಲೈ ತಿಂಗಳು. ನಾಗಪುರದ ಅಂಚಿನ ವಾಡಿಯ ಲಾರಿ ಅಡ್ಡೆಯ ಹಿಂದಿರುವ ನಮ್ಮ ಸಣ್ಣ ವಿಠಲ ಮಂದಿರಕ್ಕೆ ಮಾರ್ಚಿನಲ್ಲಿ ಹಾಕಿದ ಕೀಲಿ ಹಾಗೇ ಇತ್ತು. ಆರ್ಡ್‌ನನ್ಸ್ ಫ್ಯಾಕ್ಟರಿ, ರೈಲ್ವೆ ಅಂತ ಕರ್ನಾಟಕದಿಂದ ವರ್ಗವಾಗಿ ಬಂದು ನಾಗಪುರದಲ್ಲೇ ಉಳಿದುಹೋದ ಮೂವತ್ತೊಂದು ಮನೆಯವರು ಪ್ರತಿ ಶ್ರಾವಣ ಅಲ್ಲಿ ಸಪ್ತಾಹ ಮಾಡುತ್ತೇವೆ. ಗೋಕುಲಾಷ್ಟಮಿಗೆ ಮುಗಿಯುವ ಹಾಗೆ ಏಳು ದಿನ, ಹಗಲೂ ರಾತ್ರಿ ಭಜನೆ. ಹಾಡು ತಪ್ಪಿದರೆ ನಡೆಯುತ್ತದೆ, ತಾಳ ತಪ್ಪಿದರೂ ನಡೆಯುತ್ತದೆ. ವೀಣಾ ಮಾತ್ರ ಕೆಳಗೆ ಇಡುವ ಹಾಗಿಲ್ಲ. ತಂಬೂರಿಯಂಥ ಅದರ ಪಟ್ಟಿ ಕೊರಳಿಗೆ ಹಾಕಿಕೊಂಡು, ನಿಂತು, ಒಂದು ಬೆರಳಿನಿಂದ ಮೀಟುತ್ತಿರಬೇಕು. ಎರಡು ತಾಸಿಗೊಮ್ಮೆ ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ಹೋಗಬೇಕು. ನಡುವೆ ಕುರ್ಚಿಯ ಮೇಲೂ ಇಲ್ಲ, ಹಾಸಿಗೆಯ ಮೇಲೂ ಇಲ್ಲ.

ಆ ವೀಣಾ ಆಗ ನಮ್ಮ ಮನೆಯಲ್ಲಿತ್ತು. ತಂತಿ ಬದಲಿಸಲು ಅಂತ ನನ್ನ ಅಜ್ಜ ಕೃಷ್ಣಪ್ಪ ಮಾರ್ಚಿನಲ್ಲಿ ತಂದಿದ್ದ. ಎರಡು ದಿನಕ್ಕೆ ಲಾಕ್‌ಡೌನ್ ಆಯಿತು.

“ಸಪ್ತಾ ಈ ವರ್ಷನೂ ಆಗ್ತೈತಿ,” ಅಂತ ಅಜ್ಜ ರೊಟ್ಟಿ ಮುರಿಯುತ್ತ ಅಂದ. “ಫೋನಿನ್ಯಾಗ.”

“ಫೋನಿನ್ಯಾಗ ವೀಣಾ ಹೆಂಗ ಕೊಡ್ತಿ ಯಪ್ಪಾ, ಇವರ ಕೊಳ್ಳಾಗಿಂದು ಅವರ ಕೊಳ್ಳಿಗೆ?” ಅಂತ ಅಪ್ಪ ಕೇಳಿದ. ಅಪ್ಪ ವಾಡಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬುಕಿಂಗ್ ನೋಡುತ್ತಾನೆ. ಯಾವ ವಸ್ತುವಾದರೂ ಅಲ್ಲಿಂದಿಲ್ಲಿಗೆ ಹೇಗೆ ಹೋಗುತ್ತದೆ ಅನ್ನುವುದೇ ಅವನ ಮೊದಲ ಪ್ರಶ್ನೆ.

“ಹಾಡೂದು ಅವರವರ ಮನಿಯಿಂದ. ವೀಣಾ ಹಿಡಿಯೂದು ನಾವು.”

“ನಾವು ಅಂದ್ರ?” ಅಡುಗೆಮನೆಯಿಂದ ಅವ್ವ.

“ನಾವು ಐದು ಮಂದಿ.”

ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

“ಮಾವಾರ, ಇವರಿಗೆ ಆಫೀಸು. ಕೃತಿಗೆ ಆನ್‌ಲೈನ್ ಕ್ಲಾಸು, ಬಾರಾವಿ ಪರೀಕ್ಷಾ ವರ್ಷ. ನನಗ ಒಲಿ, ಅದರ ಮ್ಯಾಲ ಗೋದಾಮಿನ ಹಮಾಲರಿಗೆ ಮಾಸ್ಕ್ ಹೊಲಿಯೂದು. ನೀವು ಎಪ್ಪತ್ತಾರು. ಯಾರು ನಿಂದರಬೇಕು?”

“ನಮ್ರತಾ ಖಾಲಿ ಅದಾಳಲ್ಲ.”

ನಮ್ರತಾ ಅಂದರೆ ನಾನು. ಬಿ.ಎ. ಮುಗಿಸಿ ಒಂದು ವರ್ಷವಾಗಿತ್ತು. ಖಾಲಿ ಅನ್ನುವ ಮಾತಿಗೆ ತಲೆ ತಗ್ಗಿಸಿ ಝುಣಕ ಕಲಸಿಕೊಂಡೆ.

“ಹೆಣ್ಣುಮಕ್ಕಳು ವೀಣಾ ಹಿಡಿದದ್ದು ನಾ ಈ ಮನಿಗೆ ಬಂದಾಗಿಂದ ನೋಡಿಲ್ಲ,” ಅಂದಳು ಅವ್ವ.

“ವೀಣಾದ ಜವಾಬ್ದಾರಿ ಹೊತ್ತು ನಲವತ್ತೊಂದು ವರ್ಷ ಆತು, ನಾನೂ ನೋಡಿಲ್ಲ.”

“ಮತ್ತ ತಿಂಗಳದ್ದು ಬಂದ್ರ? ಮೂರು ಮಂದಿ ಅದೀವಿ.”

ಅಪ್ಪನಿಗೆ ಕೆಮ್ಮು ಬಂತು. ಯಾರಾದರೂ ಕೆಮ್ಮಿದರೆ ಮನೆಯೆಲ್ಲ ತಿರುಗಿ ನೋಡುವ ಕಾಲ ಅದು. “ಏನಿಲ್ಲ, ಖಾರ,” ಅಂತ ಅಪ್ಪ ನೀರು ಕುಡಿದ.

ಅಜ್ಜ ತಾಟು ಬದಿಗೆ ಸರಿಸಿದ. “ನಾಕು ತಿಂಗಳಾತು, ವಿಠಲ ಒಬ್ಬನ ಒಳಗ ಕುಂತಾನ,” ಅಂದ. “ಯಾರು ಮುಟ್ಟಿದ್ರು ಅಂತ ಅಂವಾ ಈಗ ಕೇಳೂದಿಲ್ಲ ಹೇಮಾ. ಯಾಕ ಯಾರೂ ಮುಟ್ಟವಲ್ಲರು ಅಂತ ಕೇಳ್ತಾನ.”

ಅವ್ವ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ರೊಟ್ಟಿ ಬಡಿಯುವ ಸದ್ದಿನ ಜೊತೆ ಅವಳ ಮಾತೂ ಬಂತು. “ರಾತ್ರಿ ಪಾಳಿ ನಿಮ್ಮ ಮಗಂದು. ಈಗ ಹೇಳಿಬಿಟ್ಟೀನಿ.”

ನಮ್ಮ ಮನೆಯಲ್ಲಿ ಅದಕ್ಕೇ ಒಪ್ಪಿಗೆ ಅನ್ನುತ್ತಾರೆ.

ಎರಡು ವಾರ ತಾಲೀಮು ನಡೆಯಿತು. ಫೋನು ನನ್ನದು, ಮೀಟಿಂಗಿನ ಹೋಸ್ಟ್ ನಾನು. ಮೊದಲ ದಿನ ಮೂವತ್ತೊಂದು ಮನೆಯವರೂ ಒಟ್ಟಿಗೆ ಹಾಡಿದರು. ಒಬ್ಬರ ದನಿ ಇನ್ನೊಬ್ಬರಿಗೆ ತಡವಾಗಿ ಮುಟ್ಟಿ, ಅವರು ಅದನ್ನು ಕಾಯಲು ಹೋಗಿ ಇನ್ನೂ ತಡವಾಗಿ, ಒಂದು ನಾಮ ಮುಗಿಯಲು ಅರ್ಧ ನಿಮಿಷ ಹಿಡಿಯಿತು.

“ಕ್ಯಾ ಬಾತ್,” ಅಂದಳು ನನ್ನ ತಂಗಿ ಕೃತಿ. “ಅಜ್ಜಾ, ಹಿಂಗ ಹಾಡಿದ್ರ ಏಳು ದಿನದ ಸಪ್ತಾ ಹದಿನಾಕು ದಿನ ಆಗ್ತೈತಿ. ಪೂರಾ ಕ್ವಾರಂಟೈನ್.”

ಕಡೆಗೆ, ಯಾರ ಪಾಳಿಯೋ ಆ ಮನೆಯವರ ದನಿ ಮಾತ್ರ ಬಿಟ್ಟು ಉಳಿದವರನ್ನೆಲ್ಲ ಮ್ಯೂಟ್ ಮಾಡುವುದು ಅಂತಾಯಿತು. ನಮ್ಮ ಮನೆಯ ದನಿಯೂ ಬಂದ್. ವೀಣಾ ಕಂಡರೆ ಸಾಕು, ಕೇಳಿಸಿದರೆ ಹಾಡುವವರ ತಾಳ ತಪ್ಪುತ್ತದೆ. ಮ್ಯೂಟ್ ಒತ್ತುವ ಕೆಲಸ ನನ್ನದು. ಬಜಾಜ್ ನಗರದ ನರಸಿಂಹಮೂರ್ತಿಗಳು ನಮ್ಮ ಮಂಡಳಿಯ ಕಾರ್ಯದರ್ಶಿ, ಮೈಸೂರು ಕಡೆಯವರು. ಅವರನ್ನೂ ಒತ್ತಿದೆ. ಕೂಡಲೇ ಅಪ್ಪನ ಫೋನಿಗೆ ಕರೆ ಬಂತು: “ಶಿವಪ್ರಸಾದ್, ನಿಮ್ಮ ಮಗಳಿಗೆ ಹೇಳಿಪ್ಪ, ನಾನು ಇನ್ನೂ ಮಾತಾಡ್ತಾ ಇದ್ದೆ.” ನನಗೆ ಒಳಗೊಳಗೆ ಸಂತೋಷವಾಯಿತು. ಯಾರ ಬಾಯನ್ನಾದರೂ ಮುಚ್ಚಬಹುದು, ನನ್ನ ಬಾಯಿ ತೆರೆಯಬೇಕಾಗಿಲ್ಲ. ಇಂಥ ಕೆಲಸ ನನಗೆ ಮೊದಲು ಸಿಕ್ಕಿರಲಿಲ್ಲ.

ಕ್ಯಾಮೆರಾ ಇಟ್ಟವಳೂ ನಾನೇ. ಜೋಳದ ಹಿಟ್ಟಿನ ಡಬ್ಬಿಗೆ ಫೋನು ಆನಿಸಿ, ನಿಂತವರ ಕೊರಳಿನಿಂದ ಸೊಂಟದ ತನಕ ಮಾತ್ರ ಕಾಣುವ ಹಾಗೆ ಮಾಡಿದೆ. ವೀಣಾ, ಎರಡು ಕೈ, ಹಿಂದಿನ ಗೋಡೆಯಲ್ಲಿ ವಿಠಲನ ಪಟ, ದೀಪ. ಮುಖ ಇಲ್ಲ. ಯಾರೇ ನಿಂತರೂ ಮೈಮೇಲೆ ಅಜ್ಜನ ಬಿಳಿ ಶಲ್ಯ ಹೊದೆಯಬೇಕು ಅಂತ ಅಜ್ಜನ ನಿಯಮ. ಹಾಗಾಗಿ ಯಾರು ನಿಂತಿದ್ದಾರೆ ಅಂತ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ನನಗೆ ಬೇಕಾದದ್ದೂ ಅದೇ.

ಅಜ್ಜ ತಾನು ದುಡಿದ ಫ್ಯಾಕ್ಟರಿಯ ಶಿಫ್ಟಿನ ಪಟ್ಟಿಯ ಹಾಗೆ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ. ಬುಧವಾರ ಮುಂಜಾನೆ ಐದಕ್ಕೆ ವೀಣಾ ಅವನ ಕೊರಳಿಗೇರಿತು.

ಮೊದಲೆರಡು ದಿನ ಮನೆಯೇ ಬೇರೆಯಾಗಿತ್ತು. ಅಪ್ಪ ಆಫೀಸಿನಿಂದ ಬಂದು, ಬಿಸಿನೀರು ಸ್ನಾನ ಮಾಡಿ, ಶಲ್ಯ ಹೊದ್ದು ನಿಲ್ಲುತ್ತಿದ್ದ. ಗುರುವಾರ ಸಂಜೆ ಆರತಿಗೆ ಅಂತ ಕೃತಿ ನಮ್ಮ ಮೈಕ್ ತೆರೆದವಳು ಮುಚ್ಚಲು ಮರೆತಳು. ಅಪ್ಪ ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ವೀಣಾ ಮೀಟುತ್ತಲೇ, ರಾಯಪುರಕ್ಕೆ ಹೋದ ಗಾಡಿಯ ಡ್ರೈವರನಿಗೆ ಮರಾಠಿಯಲ್ಲಿ ಬೈದ. ಮೂವತ್ತೊಂದು ಮನೆಯವರು ಭಕ್ತಿಯಿಂದ ಕೇಳಿದರು. ಮರುದಿನ ಮಂಡಳಿಯ ಸುಲೋಚನಾಬಾಯಿ ಹಾಡಲು ಶುರು ಮಾಡುವ ಮುಂಚೆ, “ರಾಯಪುರದ ಗಾಡಿ ಮುಟ್ಟಿತೇನ್ರಿ? ಪಾಪ, ಪಂಚರ್ ಆಗಿತ್ತಂತ,” ಅಂತ ವಿಚಾರಿಸಿದರು. ನಾನು ಯಾವುದಕ್ಕೆ ಹೆದರಿದ್ದೆನೋ ಅದು ಅಪ್ಪನಿಗೆ ಆಗಿತ್ತು, ಅಪ್ಪನಿಗೆ ಏನೂ ಅನಿಸಿರಲಿಲ್ಲ.

ಎಲ್ಲರಿಗಿಂತ ಬದಲಾದವಳು ಅವ್ವ. ಮಧ್ಯಾಹ್ನ ಎರಡರಿಂದ ನಾಲ್ಕು ಅವಳ ಪಾಳಿ. ಮೊದಲ ದಿನ ಗೊಣಗುತ್ತ ನಿಂತಳು. ಎರಡನೆಯ ದಿನ ಐದು ನಿಮಿಷ ಮುಂಚೆಯೇ ಬಂದು ನಿಂತಳು.

“ಹೇಮಾ, ಚಹಾ...” ಅಂತ ಅವತ್ತು ಆಫೀಸಿನಿಂದ ಬೇಗ ಬಂದ ಅಪ್ಪ ವೀಣಾ ನೋಡಿ ಬಾಯಿ ಮುಚ್ಚಿಕೊಂಡು ತಾನೇ ಅಡುಗೆಮನೆಗೆ ಹೋದ.

ಸಂಜೆ ಅವ್ವ ನನ್ನ ಹತ್ತಿರ ಅಂದಳು: “ಎರಡು ತಾಸು ಯಾರೂ ನನಗ ಏನೂ ಕೇಳೂದಿಲ್ಲ ನಮ್ಮಿ. ಸಾಬೂನು ಎಲ್ಲೈತಿ, ಚಾರ್ಜರ್ ಎಲ್ಲೈತಿ, ಒಂದೂ ಇಲ್ಲ. ಛಲೋ ಐತಿ ಇದು. ಗಂಡಸರು ಇಷ್ಟು ವರ್ಷ ಸುಮ್ನ ಬಿಟ್ಟುಕೊಡಲಿಲ್ಲ ನೋಡು.”

ಶುಕ್ರವಾರ ಅವಳಿಗೆ ಆಗಲಿಲ್ಲ. ನಾಲ್ಕಕ್ಕೇ ಎದ್ದು ನೈವೇದ್ಯ ಮಾಡಿ, ಅರವತ್ತು ಮಾಸ್ಕ್ ಹೊಲಿದಿದ್ದಳು. “ಇವತ್ತೊಂದು ದಿನ ನೀ ನಿಂದರ್ತಿಯೇನು? ಕಣ್ಣು ಮುಚ್ಚಾಕತ್ತಾವು,” ಅಂದಳು. ಹೂಂ ಅಂದೆ. ಅವಳು ಒಳಗಿನ ಖೋಲಿಯಲ್ಲಿ ಮಲಗಿದಳು. ಅಜ್ಜನೂ ಮಲಗಿದ್ದ. ಕೃತಿ ಮಾಳಿಗೆಯ ಮೇಲೆ ಕ್ಲಾಸಿನಲ್ಲಿದ್ದಳು.

ಸುಲೋಚನಾಬಾಯಿಯ ಮನೆಯವರು ಹಾಡುತ್ತಿದ್ದರು. ಮಳೆ ಬಂದು ನಿಂತು ಗಾಳಿಯೇ ಇರಲಿಲ್ಲ, ಶಲ್ಯದೊಳಗೆ ಬೆವರು ಇಳಿಯುತ್ತಿತ್ತು. ಮೂರು ಗಂಟೆಯ ಸುಮಾರಿಗೆ ಹಾಡು ಕಡಿದುಹೋಯಿತು. ನೋಡಿದರೆ ಪರದೆಯ ಮೇಲೆ ಸುಲೋಚನಾಬಾಯಿ ಬಾಯಿ ತೆರೆದು, ತಾಳ ಎತ್ತಿದ ಕೈ ಎತ್ತಿದಲ್ಲೇ, ಹಾಗೇ ನಿಂತುಬಿಟ್ಟಿದ್ದರು. ಉಳಿದ ಚೌಕಗಳೂ ಅಲ್ಲಾಡಲಿಲ್ಲ. ಒಂದು ನಿಮಿಷ ಕಾದೆ. ಆಮೇಲೆ ವೀಣಾ ಕೊರಳಿನಿಂದ ತೆಗೆದು ಮಂಚದ ಮೇಲೆ ಇಟ್ಟೆ.

ಅಷ್ಟೇ. ಫ್ಯಾನಿನ ಕೆಳಗೆ ಕೂತು ಕಾಲು ಚಾಚಿದೆ. ಅಡುಗೆಮನೆಯಿಂದ ಮುಂಜಾನೆಯ ಅರ್ಧ ರೊಟ್ಟಿ, ಶೇಂಗಾ ಹಿಂಡಿ ತಂದು ತಿಂದೆ. ಇಪ್ಪತ್ತು ನಿಮಿಷವಾದ ಮೇಲೆ ಸುಲೋಚನಾಬಾಯಿಯ ಕೈ ಇಳಿಯಿತು, ಹಾಡು ಬಂತು. ನಾನು ಕೈ ತೊಳೆದುಕೊಂಡು ವೀಣಾ ಹಾಕಿಕೊಂಡು ನಿಂತೆ.

ಶನಿವಾರ ನರಸಿಂಹಮೂರ್ತಿಗಳ ಫೋನು ಬಂತು. ಅಜ್ಜನಿಗೆ ಕಿವಿ ಮಂದ, ಫೋನು ಯಾವಾಗಲೂ ಸ್ಪೀಕರಿನಲ್ಲೇ.

“ಕೃಷ್ಣಪ್ಪನವರೇ, ತಪ್ಪು ತಿಳ್ಕೋಬೇಡಿ. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ವೀಣೆ ಕಾಣಲಿಲ್ಲವಂತೆ. ಇಪ್ಪತ್ತು ನಿಮಿಷ ಬರೀ ಗೋಡೆ, ಪಟ, ದೀಪ ಕಾಣ್ತಿತ್ತಂತೆ. ಸುಲೋಚನಾಬಾಯಿ ಹೇಳಿದ್ರು. ಆಯಮ್ಮ ಹಾಡ್ತಾನೇ ನೋಡಿದಾರೆ.”

ನಿಂತದ್ದು ನನ್ನ ಪರದೆ ಮಾತ್ರ. ನಮ್ಮ ಚಿತ್ರ ಅವರಿಗೆಲ್ಲ ಹೋಗುತ್ತಲೇ ಇತ್ತು.

ಅಜ್ಜ ಫೋನು ಇಟ್ಟು ಪಟ್ಟಿಯ ಮುಂದೆ ಹೋಗಿ ನಿಂತ. ಶುಕ್ರವಾರ, ಎರಡರಿಂದ ನಾಲ್ಕು: ಹೇಮಾ.

“ಹೇಮಾ,” ಅಂತ ಕರೆದ. “ನಿನ್ನಿ ವೀಣಾ ಕೆಳಗ ಇಟ್ಟಿದ್ದಿಯೇನು?”

ಅವ್ವ ಸೌತೆಕಾಯಿ ಹೆಚ್ಚುತ್ತಿದ್ದಳು. ನನ್ನ ಕಡೆ ಒಂದು ಸಲ ನೋಡಿದಳು. ನಾನು ನೆಲ ನೋಡಿದೆ.

“ಹೌದ್ರಿ ಮಾವಾರ. ನಾನ ಇಟ್ಟೆ. ಮಾಸ್ಕ್ ಹೊಲಿಯೂದು ಉಳಿದಿತ್ತು.”

ಅಜ್ಜ ಬೈದಿದ್ದರೆ ಚೆನ್ನಾಗಿತ್ತು. “ನನ್ನ ಎಬ್ಬಸಬೇಕಿತ್ತು,” ಅಂತ ಮಾತ್ರ ಅಂದ. ಪೆನ್ನು ತಂದು ಪಟ್ಟಿಯಲ್ಲಿ ಅವ್ವನ ಹೆಸರು ಇದ್ದಲ್ಲೆಲ್ಲ ಹೊಡೆದು ತನ್ನ ಹೆಸರು ಬರೆದ.

ಅಡುಗೆಮನೆಯಲ್ಲಿ ನಾನು ಬಾಯಿ ತೆರೆಯುವ ಮುಂಚೆಯೇ ಅವ್ವ ಅಂದಳು: “ಸುಮ್ಮನಿರು. ನನಗ ಅನಿಸ್ಕೊಂಡು ರೂಢಿ ಐತಿ, ನಿನಗ ಇಲ್ಲ. ನಾಕು ದಿನ ಆದ್ರ ಮರೀತಾರ.”

“ಅವ್ವಾ, ಆದ್ರ...”

“ಆ ಕೊತ್ತಂಬರಿ ಸೋಸು.”

ಕೊತ್ತಂಬರಿ ಸೋಸಿದೆ.

ಅಜ್ಜ ಮರೆಯಲಿಲ್ಲ. ತನ್ನ ಪಾಳಿಯ ಮೇಲೆ ಅವ್ವನ ಪಾಳಿಯನ್ನೂ ನಿಂತ. ಭಾನುವಾರಕ್ಕೆ ಅವನ ಪಾದ ಉಬ್ಬಿದವು. ಸೋಮವಾರ ಚಪ್ಪಲಿ ಹಿಡಿಯಲಿಲ್ಲ. ಅವ್ವ ಬಕೇಟಿನಲ್ಲಿ ಉಪ್ಪು ಹಾಕಿದ ಬಿಸಿನೀರು ತಂದು ಅವನ ಮುಂದೆ ಇಟ್ಟಳು. ಅಜ್ಜ ಕಾಲು ಇಳಿಬಿಟ್ಟ. ಅವಳು ಕೊಟ್ಟದ್ದನ್ನು ತಿಂದ, ಹಾಕಿದ ಚಹಾ ಕುಡಿದ, ವೀಣಾ ಮಾತ್ರ ಕೊಡಲಿಲ್ಲ. ಎರಡು ಗಂಟೆ ಹೊಡೆದಾಗ ಅವ್ವ ಕೈ ಒರೆಸಿಕೊಂಡು ಅಡುಗೆಮನೆಯ ಬಾಗಿಲ ತನಕ ಬಂದು, ನೆನಪಾಗಿ, ಹೊಲಿಗೆ ಮಷೀನಿಗೆ ಹೋಗಿ ಕೂರುತ್ತಿದ್ದಳು. ಅದನ್ನು ದಿನವೂ ನೋಡಿದೆ.

ಮಂಗಳವಾರ ಊಟಕ್ಕೆ ಕೂತಾಗ ಅಪ್ಪ ಸಿಟ್ಟಾದ.

“ಯಪ್ಪಾ, ಕಾಲು ನೋಡಿಕೊಂಡಿಯೇನು? ನಾಳೆ ನಿನ್ನ ದವಾಖಾನಿಗೆ ಒಯ್ಯಬೇಕಂದ್ರ ಎಲ್ಲಿ ಬೆಡ್ ಐತಿ? ಸಿವಿಲ್ ಲೈನ್ಸ್‌ದ ಸರಕಾರಿ ಆಫೀಸಿನ್ಯಾಗ ಯಾರ ಕಾಲು ಹಿಡೀಲಿ ನಾ?”

“ನಾಳೆ ಮುಗೀತೈತಿ ಬಿಡು. ನಾಳೆ ಕಾಲಾ ಪ್ರಸಾದ ಆದ ಮ್ಯಾಲ ಮೂರ್ತಿಯವರಿಗೆ ಹೇಳಿಬಿಡ್ತೀನಿ. ವೀಣಾ ಅವರ ಮನಿಗೆ ಒಯ್ಯಲಿ. ನಮ್ಮ ಮನ್ಯಾಗ ಅದು ನಿಂದರಲಿಲ್ಲ.”

“ನಲವತ್ತೊಂದು ವರ್ಷ ನೋಡಿಕೊಂಡದ್ದು ಕೊಡ್ತಿ?”

“ಹೇಮಾನ ಹೆಸರು ಹೇಳೂದಿಲ್ಲ. ಮನಿ ತಪ್ಪು ಅಂದ್ರ ನನ್ನ ತಪ್ಪು.”

ಅವ್ವ ಮೊಸರು ಬಡಿಸುತ್ತಿದ್ದಳು. ಸೌಟು ಒಂದು ಕ್ಷಣ ಅಜ್ಜನ ತಾಟಿನ ಮೇಲೆ ನಿಂತಿತು. “ಇನ್ನೊಂದಿಷ್ಟು ಹಾಕ್ಕೋರಿ,” ಅಂದಳು.

“ಬರೋಬರ್ ನಹೀ,” ಅಂತ ಕೃತಿ ತಾಟು ನೋಡುತ್ತಲೇ ಅಂದಳು. “ಅವ್ವ ಹಂಗ ಇಡೋ ಪೈಕಿ ಅಲ್ಲ.” ಕೃತಿ ನನ್ನ ಕಡೆ ನೋಡಲೂ ಇಲ್ಲ, ನೋಡಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ. ಡೈರಿಯಲ್ಲಿ ಅವತ್ತು ಎರಡು ಪುಟ ಬರೆದೆ. ನನ್ನ ಕೊರಳು ನೋಯುತ್ತಿತ್ತು ಅಂತ ಬರೆದೆ. ತಲೆ ತಿರುಗಿತ್ತು ಅಂತ ಬರೆದೆ. ಓದಿ ನೋಡಿದೆ, ಎಲ್ಲ ಸರಿಯಾಗೇ ಇತ್ತು, ಒಂದೂ ನಿಜ ಇರಲಿಲ್ಲ.

ಬುಧವಾರ ಕಾಲಾ. ಅವಲಕ್ಕಿ, ಮೊಸರು, ಸೌತೆಕಾಯಿ, ಹಸಿಮೆಣಸು ಕಲಸಿ ಗಡಿಗೆಯಲ್ಲಿಟ್ಟು ಹಂಚುವುದು. ಮಂದಿರದಲ್ಲಾದರೆ ಒಬ್ಬರು ಇನ್ನೊಬ್ಬರ ಬಾಯಿಗೆ ಹಾಕುತ್ತಾರೆ. ಈ ಸಲ ಮೂವತ್ತೊಂದು ಚೌಕಗಳಲ್ಲಿ ಮೂವತ್ತೊಂದು ಗಡಿಗೆ. ಮಕ್ಕಳು ಕ್ಯಾಮೆರಾಕ್ಕೇ ತುತ್ತು ಹಿಡಿದರು. ಒಬ್ಬರ ಫೋನಿನ ಮೇಲೆ ಮೊಸರು ಬಿತ್ತು. ಅವತ್ತು ಮಾತ್ರ ಅಜ್ಜ ನನಗೆ ಹೇಳಿ ಕ್ಯಾಮೆರಾ ಮೇಲೆತ್ತಿಸಿದ. ವೀಣಾ ಹಾಕಿಕೊಂಡು ಉಬ್ಬಿದ ಕಾಲಿನ ಮೇಲೆ ನಿಂತ ಅವನ ಮುಖವನ್ನು ಎಲ್ಲರೂ ಏಳು ದಿನದಲ್ಲಿ ಮೊದಲ ಸಲ ನೋಡಿದರು.

“ನಮ್ಮಿ, ಎಲ್ಲಾರ್ದೂ ಬಂದ್ ಮಾಡು. ನಂದು ಚಾಲೂ ಮಾಡು.”

ಎಲ್ಲರದೂ ಬಂದ್ ಮಾಡಿದೆ. ಗದ್ದಲ ಒಮ್ಮೆಲೇ ನಿಂತಿತು. ನಮ್ಮ ಮೈಕಿನ ಗುರುತಿನ ಮೇಲೆ ಬೆರಳಿಟ್ಟೆ. ಕೆಂಪು ಗೆರೆ ಹೋಯಿತು.

“ರಾಮಕೃಷ್ಣ ಹರಿ,” ಅಂದ ಅಜ್ಜ. “ಒಂದು ಮಾತು ಹೇಳಬೇಕು. ಶುಕ್ರವಾರ ನಮ್ಮ ಮನ್ಯಾಗ ವೀಣಾ...”

“ಅಜ್ಜಾ, ಅವ್ವ ಅಲ್ಲ,” ಅಂದೆ.

ನನ್ನ ದನಿ ಇಷ್ಟು ಸಣ್ಣದು ಅಂತ ನನಗೇ ಗೊತ್ತಿರಲಿಲ್ಲ. ಆದರೂ ಕೇಳಿಸಿತು, ಯಾಕೆಂದರೆ ಬೇರೆ ಯಾರ ದನಿಯೂ ಇರಲಿಲ್ಲ, ಎಲ್ಲರ ಬಾಯಿ ನಾನೇ ಮುಚ್ಚಿದ್ದೆ. ಮೂವತ್ತೊಂದು ಚೌಕಗಳಲ್ಲಿ ಅಗಿಯುವುದು ನಿಂತಿತು.

“ಅವತ್ತ ಅವ್ವ ಮಲಗಿದ್ಲು. ಆಕಿ ಪಾಳಿ ನಾ ನಿಂತಿದ್ದೆ. ವೀಣಾ ಇಟ್ಟಾಕಿ ನಾನು.”

“ನಮ್ಮಿ,” ಅಂತ ಅವ್ವ ಹಿಂದಿನಿಂದ ಎಳೆದಳು. “ಆಕಿಗೆ ತಲಿ ತಿರುಗಿತ್ರಿ ಮಾವಾರ. ಅವತ್ತ ಎಷ್ಟು ಶಕಿ ಇತ್ತು.”

ಅಜ್ಜ ನನ್ನನ್ನು ನೋಡಲಿಲ್ಲ. ಅವ್ವನನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ವೀಣಾದ ಪಟ್ಟಿ ಎತ್ತಿ, ತಲೆಯ ಮೇಲಿಂದ ತೆಗೆದು, ಅವ್ವನ ಕಡೆ ಹಿಡಿದ.

“ಬಾ ಹೇಮಾ. ನಿನ್ನ ಪಾಳಿ ನಾ ಕಸಗೊಂಡಿದ್ದೆ.”

“ನನ್ನ ಕೈ ಮೊಸರಾಗ್ಯಾವ್ರಿ.”

“ಇರವಲ್ದ್ಯಾಕ. ವಿಠಲಗೂ ಮೊಸರಂದ್ರ ಪ್ರೀತಿ.”

ಅವ್ವ ತಲೆ ಬಗ್ಗಿಸಿದಳು. ಪಟ್ಟಿ ಅವಳ ಕೂದಲಿನ ಅಂಬಾಡಕ್ಕೆ ಸಿಕ್ಕಿತು, ಅಪ್ಪ ಬಂದು ಬಿಡಿಸಿದ. ಅಜ್ಜ ಕೂತ. ಕೃತಿ ಅವನ ಕಾಲ ಕೆಳಗೆ ದಿಂಬು ಇಟ್ಟಳು.

ಪರದೆಯ ಮೇಲೆ ಒಂದು ಕೈ ಏಳುತ್ತಿತ್ತು. ಸುಲೋಚನಾಬಾಯಿ. ನಾನು ಅವರ ಮೈಕ್ ತೆರೆದೆ.

“ಅಯ್ಯ ನಮ್ರತಾ, ಇದ ಏನವಾ ನಿನ್ನ ದನಿ? ಇಷ್ಟು ದಿನ ಕೇಳೇ ಇಲ್ಲಲ್ಲ,” ಅಂದರು. “ಯಾಕವಾ, ಕೊಳ್ಳು ನೋಯಾಕತ್ತಿತ್ತೇನು? ಭಾಳ ಭಾರ ಐತದು, ನಮಗ ಗೊತ್ತೈತಿ.”

ನರಸಿಂಹಮೂರ್ತಿಗಳೂ ಕೈ ಎತ್ತಿದ್ದರು. ತೆರೆದೆ. “ಮಗು, ನೆಟ್‌ವರ್ಕ್ ಹೋಗಿತ್ತೋ ಏನೋ. ನಮ್ಮ ಕಡೇನೂ ಅವತ್ತು ತೊಂದರೆ ಇತ್ತು. ಹಾಗಂತ ಬರ್ಕೊಳ್ಳೋಣ ಬಿಡಿ ಕೃಷ್ಣಪ್ಪನವರೇ.”

ಎಲ್ಲರೂ ನನಗೆ ಒಂದೊಂದು ಕಾರಣ ಕೊಡುತ್ತಿದ್ದರು. ಯಾವುದನ್ನು ತೆಗೆದುಕೊಂಡರೂ ಸಾಕಾಗಿತ್ತು. ಅವ್ವ ಮೀಟುತ್ತಿದ್ದಳು, ತಂತಿಗೆ ಮೊಸರು ಹತ್ತಿ ನಾದ ಸ್ವಲ್ಪ ಮಂದವಾಗಿತ್ತು. ಅಜ್ಜ ಈಗ ನನ್ನನ್ನು ನೋಡುತ್ತಿದ್ದ. ನಮ್ಮ ಮೈಕ್ ಇನ್ನೂ ಚಾಲೂ ಇತ್ತು.

“ಇಲ್ರಿ,” ಅಂದೆ. “ಕೊಳ್ಳು ನೋಯಲಿಲ್ಲ, ತಲಿ ತಿರುಗಲಿಲ್ಲ. ಫೋನ್ ನಿಂತಿತ್ತು. ಯಾರೂ ನೋಡವಲ್ಲರು ಅಂತ ತಿಳಕೊಂಡು ಇಟ್ಟೆ.”